ಉಡಿಯಿಂದ ಹಿತ್ತಲಿಗೆ ಬಂದ ತಪ್ಪಲ ಪಲ್ಲೆ

ಆಗಿನ್ನೂ ವಿಜಯಪುರಕ್ಕೆ ಬಿಜಾಪುರವೆಂಬ ಹೆಸರೇ ಇತ್ತು. ತಿಕೋಟಾ, ಬಬಲೇಶ್ವರದ ಕಡೆಯಿಂದ ಮುಂಜಾನೆಯ ಬಸ್ಸು ಬಂದು ನಿಂತಿತೆಂದರೆ ಪ್ರಯಾಣಿಕರ ಜೊತೆಗೇ ಬುತ್ತಿಯ ಗಂಟುಗಳೂ ಇಳಿಯುತ್ತಿದ್ದವು. ಓದಲೆಂದು ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದ ಹುಡುಗರಿಗೆ ಹಳ್ಳಿಯ ತಾಯಂದಿರು ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ ಊಟ ಅದು. ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಬೇಳೆಯದೋ ಕಾಳಿನದೋ ಪಲ್ಲೆ, ಮೇಲೊಂದು ಉಳ್ಳಾಗಡ್ಡಿ. ಚಳಿಗಾಲದಲ್ಲಾದರೆ ಗಂಟಿನ ಮೂಲೆಯಲ್ಲಿ ಒದ್ದೆ ಬಟ್ಟೆಯ ಒಂದು ಸಣ್ಣ ಪೊಟ್ಟಣ ಇರುತ್ತಿತ್ತು. ಬಿಚ್ಚಿದರೆ ಒಂದು ಹಿಡಿ ಹಸಿ ತಪ್ಪಲ. ಹತ್ತರಕಿಯೋ, ಎಳೆ ಮೆಂತ್ಯವೋ, ಮೂಲಂಗಿಯ ಎಲೆಯೋ. ಬಸ್ಸಿನ ಧೂಳಲ್ಲಿ ಎರಡು ತಾಸು ಕಳೆದರೂ ಅದರ ಹಸಿರು ಮಾಸಿರುತ್ತಿರಲಿಲ್ಲ.

ಆ ಪೊಟ್ಟಣದ ಬಗ್ಗೆ ಯಾರೂ ವಿಶೇಷವಾಗಿ ಯೋಚಿಸಿದ್ದಿಲ್ಲ. ರೊಟ್ಟಿಗೆ ಜೋಳ ಬಿತ್ತಬೇಕು, ಹಿಂಡಿಗೆ ಶೇಂಗಾ ಕೊಳ್ಳಬೇಕು. ತಪ್ಪಲಿಗೆ ಮಾತ್ರ ಬೀಜವೂ ಇಲ್ಲ, ಬೆಲೆಯೂ ಇಲ್ಲ. ಹೊಲಕ್ಕೆ ಹೋದವರು ಬರುವಾಗ ತರುತ್ತಿದ್ದರು, ಅಷ್ಟೇ. ಬೆಲೆಯಿಲ್ಲದ ವಸ್ತು ಕಾಣೆಯಾದರೆ ಬೇಗ ಗೊತ್ತಾಗುವುದೂ ಇಲ್ಲ.

ನಮ್ಮ ಕಡೆಯ ಮಾತನ್ನು ತಿಳಿಯದವರಿಗೆ ಒಂದು ವಿವರಣೆ ಬೇಕು. ತಪ್ಪಲ ಎಂದರೆ ಎಲೆ. ಪಲ್ಲೆ ಎಂದರೆ ಮಾಡಿದ ಅಡಿಗೆಯೂ ಹೌದು, ಮಾಡುವ ಮುಂಚಿನ ಸೊಪ್ಪೂ ಹೌದು. ಬೆಂಗಳೂರಿನವರು ‘ಸೊಪ್ಪು’ ಎನ್ನುವುದನ್ನೆಲ್ಲ ನಾವು ತಪ್ಪಲ ಪಲ್ಲೆ ಎನ್ನುತ್ತೇವೆ. ಅದರಲ್ಲಿ ಅರ್ಧದಷ್ಟನ್ನು ಒಲೆಗೆ ತೋರಿಸದೆ ಹಸಿಯಾಗಿಯೇ ತಿನ್ನುವುದು ಈ ಸೀಮೆಯ ರೂಢಿ.

ಮೊನ್ನೆ ಪಲ್ಲೆಯ ಬಜಾರದಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕುಳಿತ ಮುದುಕಿಯೊಬ್ಬರನ್ನು ‘ಆಯಿ, ಹತ್ತರಕಿ ಅದಾವೇನ್ರಿ?’ ಎಂದು ಕೇಳಿದೆ. ಮುದುಕಿ ನಕ್ಕರು. ‘ಹತ್ತರಕಿ ಎಲ್ಲೈತಿ ತಮ್ಮಾ ಈಗ? ಹೊಲಕ್ಕೆಲ್ಲಾ ಔಷಧ ಹೊಡೀತಾರ. ರಾಜಗಿರಿ ಒಯ್ಯಿ, ಪಾಲಕ ಒಯ್ಯಿ’ ಎಂದರು. ಎಂದಾದರೊಮ್ಮೆ ಬರುತ್ತದೆ, ಬಂದರೆ ತಾಸಿನೊಳಗೆ ಖಾಲಿಯಾಗುತ್ತದೆ ಎಂದೂ ಸೇರಿಸಿದರು.

ಉಡಿಯ ಲೆಕ್ಕ

ಈ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಹೊತ್ತಿಗೆ ಬೀಳುತ್ತದೆ. ಎರಿ ಭೂಮಿ ಆ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಚಳಿಗಾಲವಿಡೀ ಜೋಳ, ಕಡಲೆ, ಕುಸುಬಿಗಳನ್ನು ಸಾಕುತ್ತದೆ. ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಈ ಹಿಂಗಾರಿ ಬೇಸಾಯದಲ್ಲೇ.

ಜೋಳ ಮೊಳಕಾಲೆತ್ತರ ಬಂದಾಗ ಹೆಂಗಸರು ಸಾಲು ಹಿಡಿದು ಕಳೆ ತೆಗೆಯುತ್ತಿದ್ದರು. ಕಳೆ ಎಂದು ಕಿತ್ತದ್ದರಲ್ಲಿ ಒಂದು ಭಾಗ ಬದುವಿಗೆ, ಒಂದು ಭಾಗ ದನಕ್ಕೆ. ಆಯ್ದ ಮೂರನೆಯ ಭಾಗ ಸೀರೆಯ ಸೆರಗನ್ನು ಮಡಚಿ ಕಟ್ಟಿದ ಉಡಿಯೊಳಕ್ಕೆ. ಹತ್ತರಕಿ ಇತ್ತು, ಗೋಳಿ ಪಲ್ಲೆ ಇತ್ತು, ತಾನಾಗಿ ಎದ್ದ ರಾಜಗಿರಿ ಇತ್ತು. ಕಡಲೆಯ ಹೊಲವಾದರೆ ಚಿವುಟಿದ ಕುಡಿ, ಕುಸುಬಿಯದಾದರೆ ಮುಳ್ಳು ಮೂಡುವ ಮುಂಚಿನ ಎಳೆ ಎಲೆ. ಹೊಲದ ಒಡೆಯನ ಹೆಂಡತಿಯೂ ಒಯ್ಯುತ್ತಿದ್ದಳು, ಕೂಲಿಗೆ ಬಂದವಳೂ ಒಯ್ಯುತ್ತಿದ್ದಳು. ಕೂಲಿಯ ಹಣಕ್ಕೆ ಲೆಕ್ಕವಿತ್ತು, ಉಡಿಗೆ ಇರಲಿಲ್ಲ. ಸಂಜೆ ಆ ಉಡಿ ಅಡಿಗೆಮನೆಯ ನೆಲದ ಮೇಲೆ ಸುರಿದಾಗ ಮನೆಯ ಮಕ್ಕಳೇ ಸುತ್ತ ಕುಳಿತು ಸೋಸುತ್ತಿದ್ದರು. ಸೋಸುತ್ತ ಸೋಸುತ್ತ ಗಿಡದ ಗುರುತೂ ಆಗುತ್ತಿತ್ತು. ಮುರಿದರೆ ಹಾಲು ಬರುವುದು ಹತ್ತರಕಿ, ದಪ್ಪ ಎಲೆಯ ಹುಳಿ ರುಚಿಯದು ಗೋಳಿ. ಇದಕ್ಕೆ ಪಠ್ಯಪುಸ್ತಕ ಬೇಕಿರಲಿಲ್ಲ.

ಹೊಲಗಳು ಬದಲಾದವು. ತಿಕೋಟಾ ಸುತ್ತಿನಲ್ಲಿ ದ್ರಾಕ್ಷಿಯ ಚಪ್ಪರ ಎದ್ದಿತು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು ಬಂದವು. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ, ಮುಳವಾಡದಂಥ ಏತ ನೀರಾವರಿ ಯೋಜನೆಗಳಿಂದ ಬರಡು ಮಡ್ಡಿಗಳಿಗೂ ನೀರು ಬಂತು, ಕಬ್ಬು ಬಂತು. ಇದನ್ನು ದೂರುವ ಹಕ್ಕು ನಮಗಿಲ್ಲ. ಬರದ ವರ್ಷಗಳಲ್ಲಿ ಮಕ್ಕಳನ್ನು ಮುದುಕರ ಬಳಿ ಬಿಟ್ಟು ಗೋವೆಗೋ ಮುಂಬಯಿಗೋ ಗುಳೆ ಹೋದವರ ಕಥೆ ಗೊತ್ತಿರುವ ಯಾರೂ ನೀರು ಬೇಡವೆನ್ನಲಾರರು. ಆದರೆ ಕಬ್ಬಿನಲ್ಲಿ, ತೋಟದಲ್ಲಿ ಕಳೆ ತೆಗೆಯುವ ಕೆಲಸವನ್ನು ಈಗ ಬಹುಮಟ್ಟಿಗೆ ಕಳೆನಾಶಕವೇ ಮಾಡುತ್ತದೆ. ಔಷಧಕ್ಕೆ ಹತ್ತರಕಿಯೂ ಒಂದೇ, ಪಾರ್ಥೇನಿಯಂ ಕಸವೂ ಒಂದೇ.

ಇಲ್ಲಿ ಪಾಲಕರು ಗಮನಿಸಬೇಕಾದ ಒಂದು ಸಂಗತಿಯಿದೆ. ದ್ರಾಕ್ಷಿಗೆ ವರ್ಷದಲ್ಲಿ ಎರಡು ಚಾಟ್ನಿ. ಬೇಸಿಗೆಯಲ್ಲಿ ಒಂದು, ಹಣ್ಣಿಗಾಗಿ ಅಕ್ಟೋಬರಿನಲ್ಲಿ ಇನ್ನೊಂದು. ಅಕ್ಟೋಬರ್ ಚಾಟ್ನಿಯಾದ ಮೇಲೆ ಹೊಸ ಕುಡಿಗೆ ಬೂದಿ ರೋಗ ಬೀಳಬಾರದೆಂದು ಮತ್ತೆ ಮತ್ತೆ ಔಷಧ ಹೊಡೆಯುತ್ತಾರೆ. ತಪ್ಪಲ ಪಲ್ಲೆ ಎಳೆಯದಾಗಿ, ಸೊಂಪಾಗಿ ಏಳುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಚಪ್ಪರದ ಕೆಳಗೆ ನೀರು-ಗೊಬ್ಬರ ಉಂಡು ಹುಲುಸಾಗಿ ಬೆಳೆದ ಗೋಳಿ, ರಾಜಗಿರಿ ಕಣ್ಣಿಗೆ ಚೆಂದ ಕಾಣುತ್ತವೆ. ಹೊಡೆದ ಔಷಧ ಸೋರಿ ಬೀಳುವುದೂ ಅವುಗಳ ಮೇಲೇ. ಅಜ್ಜಿಯ ಕಾಲದಲ್ಲಿ ಹೊಲದಿಂದ ತಂದದ್ದೆಲ್ಲ ಶುದ್ಧವಾಗಿತ್ತು ಎಂಬ ನಂಬಿಕೆಯಲ್ಲಿ ಇಂದು ತೋಟದ ತಳದಿಂದ ಕಿತ್ತು ತರುವುದು ಬೇಡ. ಮಕ್ಕಳಿಗೂ ಇದನ್ನು ಹೇಳಿಡಬೇಕು.

ಹಾಗಾದರೆ ಉಡಿ ಹೋಯಿತು, ತೋಟದ ತಪ್ಪಲ ಬೇಡ ಎಂದಾಯಿತು. ಉಳಿದದ್ದು ಹಿತ್ತಲು. ಹಿತ್ತಲಿಲ್ಲದ ಪಟ್ಟಣದ ಮನೆಯಲ್ಲಿ ಮಾಳಿಗೆ.

ಒಂದು ಹಿಡಿ ತಪ್ಪಲಿಗೆ ಇಷ್ಟು ಮಾತೇಕೆ?

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ಹೀಗಿದೆ: ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು, 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಎರಡನೆಯ ಗುಂಪಿನಲ್ಲಿ ಪ್ರೌಢಶಾಲೆ, ಕಾಲೇಜಿನ ಹುಡುಗಿಯರೂ ಸೇರಿದ್ದಾರೆ. ಓದಲು ಕುಳಿತರೆ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು, ‘ಇವಳು ಮೈಗಳ್ಳಿ’ ಎಂಬ ಬೈಗುಳ. ಬಹಳಷ್ಟು ಸಲ ಇದರ ಹಿಂದೆ ಇರುವುದು ರಕ್ತದಲ್ಲಿ ಕಡಿಮೆಯಾದ ಕಬ್ಬಿಣಾಂಶ.

ತಪ್ಪಲ ತಿಂದರೆ ರಕ್ತಹೀನತೆ ಮಾಯವಾಗುತ್ತದೆ ಎಂದು ಬರೆದರೆ ಅದು ಸುಳ್ಳು. ಸೊಪ್ಪಿನಲ್ಲಿರುವ ಕಬ್ಬಿಣ ಮಾಂಸದಲ್ಲಿರುವುದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಸೊಪ್ಪಿನ ಆಕ್ಸಲಿಕ್ ಆಮ್ಲ, ಜೋಳದ ಸಿಪ್ಪೆಯ ಫೈಟೇಟು ಅದನ್ನು ಹಿಡಿದಿಡುತ್ತವೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಗೆ ಇದು ಬದಲಿಯಲ್ಲ. ಆದರೆ ಪಲ್ಲೆಯ ಮೇಲೆ ಅರ್ಧ ನಿಂಬೆ ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಬಿಡಿಸಿ ಕರುಳಿಗೆ ಒಪ್ಪಿಸುತ್ತದೆ. ನಿಂಬೆಗೆ ಹೆಸರಾದ ಜಿಲ್ಲೆಯಲ್ಲಿ ನಾವಿದ್ದೇವೆ. ಊಟವಾದ ಕೂಡಲೇ ಚಹಾ ಕುಡಿದರೆ ಮಾಡಿದ್ದೆಲ್ಲ ವ್ಯರ್ಥ. ಚಹಾದ ಒಗರು ಮತ್ತೆ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಊಟದ ಬೆನ್ನಿಗೇ ಚಹಾ ಕೊಡುವ ಮನೆಗಳು ಈ ಒಂದು ಅಭ್ಯಾಸವನ್ನು ಒಂದು ತಾಸು ಮುಂದೆ ಹಾಕಿದರೂ ಸಾಕು. ತಪ್ಪಲಿನ ಎ ಜೀವಸತ್ವಕ್ಕೆ ಎಣ್ಣೆಯ ಜೊತೆ ಬೇಕು. ಹಸಿ ಪಲ್ಲೆಯ ಮೇಲೆ ಕುಸುಬಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಸುರಿದುಕೊಳ್ಳುತ್ತಿದ್ದ ಹಿರಿಯರು ಇದನ್ನು ಯಾವ ಪ್ರಯೋಗಶಾಲೆಯಲ್ಲಿ ಕಲಿತಿದ್ದರೋ!

ಮಣ್ಣು, ನೀರು

ಎರಿ ಮಣ್ಣು ಹೊಲಕ್ಕೆ ಬಂಗಾರ, ಕುಂಡಕ್ಕೆ ಶತ್ರು. ಹಸಿಯಿದ್ದಾಗ ಅಂಟು, ಒಣಗಿದಾಗ ಇಟ್ಟಂಗಿ. ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವ ಜಿಗುಟು ಅದರಲ್ಲಿದೆ. ಹೊಲದಲ್ಲಿ ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುವುದೂ ಅದಕ್ಕೇ. ಕುಂಡದಲ್ಲಿ ಆ ಬಿರುಕು ಎಳೆ ಬೇರನ್ನು ಹರಿದುಹಾಕುತ್ತದೆ. ಆದ್ದರಿಂದ ಎರಡು ಬುಟ್ಟಿ ಎರಿ ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಬುಟ್ಟಿ ಮಸಾರಿ ಮಣ್ಣು ಅಥವಾ ಉಸುಕು ಬೆರೆಸಿಕೊಳ್ಳಬೇಕು. ಹಸಿ ಸಗಣಿ ಹಾಕಬೇಡಿ, ಗೊಣ್ಣೆಹುಳು ಬರುತ್ತದೆ. ಹಸಿಯಾಗಿ ತಿನ್ನುವ ತಪ್ಪಲಿಗಂತೂ ಅದು ಸಲ್ಲದು.

ಕುಂಡವನ್ನು ಕೊಂಡು ತರಲೇಬೇಕೆಂದಿಲ್ಲ. ತಪ್ಪಲ ಪಲ್ಲೆಯ ಬೇರು ಗೇಣಿಗಿಂತ ಆಳಕ್ಕೆ ಹೋಗುವುದು ಕಡಿಮೆ. ಒಡೆದ ಪ್ಲಾಸ್ಟಿಕ್ ಬಕೆಟ್ಟು, ಹಳೆಯ ಟ್ರಂಕು, ಸಿಮೆಂಟಿನ ಚೀಲ ಮಡಚಿ ಮಾಡಿದ ತೊಟ್ಟಿ, ದ್ರಾಕ್ಷಿ ತುಂಬುವ ಕ್ರೇಟಿನೊಳಗೆ ಗೋಣಿ ಹಾಸಿದ್ದು, ಎಲ್ಲವೂ ನಡೆಯುತ್ತವೆ. ತಳಕ್ಕೆ ನಾಲ್ಕು ತೂತು ಇರಲಿ. ಪೇಂಟು, ಕೀಟನಾಶಕ ತುಂಬಿದ್ದ ಡಬ್ಬಿ ಮಾತ್ರ ಬೇಡ.

ನೀರಿನದು ಇನ್ನೊಂದು ಕಥೆ. ಡೋಣಿಯ ಸುತ್ತಿನ ಬಾವಿ, ಬೋರುಗಳಲ್ಲಿ ನೀರು ಸವುಳು. ಅಂಥ ನೀರಿಗೆ ಮೆಂತ್ಯ, ಮೂಲಂಗಿ ಬೇಗ ಮುನಿಯುತ್ತವೆ, ಎಲೆಯ ಅಂಚು ಸುಡುತ್ತದೆ. ಪಾಲಕ ತಾಳಿಕೊಳ್ಳುತ್ತದೆ. ಅದು ಬೀಟ್‌ರೂಟಿನ ಬಳಗ, ಉಪ್ಪು ಆ ಮನೆತನಕ್ಕೆ ಹೊಸದಲ್ಲ. ಕುಡಿಯುವ ನೀರು ಶುದ್ಧ ಮಾಡುವ ಯಂತ್ರದಿಂದ ಹೊರಹೋಗುವ ನೀರನ್ನು ಗಿಡಕ್ಕೆ ಹಾಕಿ ಉಳಿತಾಯ ಮಾಡುತ್ತೇವೆಂದು ಹಲವರು ತಿಳಿದಿದ್ದಾರೆ. ಒಳಗಿದ್ದ ಉಪ್ಪೆಲ್ಲ ಆ ನೀರಿನಲ್ಲೇ ಸೇರಿರುತ್ತದೆ. ಅದರಲ್ಲಿ ಅಂಗಳ ತೊಳೆಯಿರಿ. ಗಿಡಕ್ಕೆ ಅಕ್ಕಿ, ಬೇಳೆ, ಪಲ್ಲೆ ತೊಳೆದ ನೀರು ಉತ್ತಮ. ನಾಲ್ಕು ಕುಂಡಕ್ಕೆ ಚಳಿಗಾಲದಲ್ಲಿ ದಿನಕ್ಕೊಂದು ತಂಬಿಗೆ ಸಾಕಾಗುತ್ತದೆ.

ಯಾವುದು ಯಾವಾಗ

ಮಕ್ಕಳ ಕೈಗೆ ಮೊದಲು ಮೆಂತ್ಯ ಕೊಡಿ. ಬೀಜಕ್ಕೆ ಎಲ್ಲಿಗೂ ಹೋಗಬೇಕಿಲ್ಲ, ಒಗ್ಗರಣೆ ಡಬ್ಬಿಯಲ್ಲೇ ಇದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಮಣ್ಣಿನ ಮೇಲೆ ಒತ್ತಾಗಿ ಚೆಲ್ಲಿ, ಬೆರಳಿನ ದಪ್ಪ ಉಸುಕು ಉದುರಿಸಿದರೆ ಮೂರು-ನಾಲ್ಕು ದಿನಕ್ಕೆ ಮೊಳಕೆ. ಹದಿನೈದು ದಿನಕ್ಕೆ ಹಸಿಯಾಗಿ ತಿನ್ನುವ ಎಳೆ ಮೆಂತ್ಯ, ತಿಂಗಳಿಗೆ ಪಲ್ಲೆಯ ಮೆಂತ್ಯ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಇದರ ಕಾಲ. ಹದಿನೈದು ದಿನಕ್ಕೊಮ್ಮೆ ಒಂದೊಂದು ಕುಂಡದಲ್ಲಿ ಹಾಕುತ್ತ ಹೋದರೆ ನಾಲ್ಕು ತಿಂಗಳು ಮನೆಗೆ ಮೆಂತ್ಯ ತರುವುದೇ ಬೇಡ.

ರಾಜಗಿರಿಯ ಬೀಜ ಗಸಗಸೆಯಷ್ಟು ಸಣ್ಣದು. ಹಾಗೆಯೇ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಒಂದು ಹಿಡಿ ಒಣ ಉಸುಕಿನಲ್ಲಿ ಬೆರೆಸಿ ಚೆಲ್ಲಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕುತೂಹಲದ ಸಂಗತಿ ಇದೆ. ದ್ಯುತಿಸಂಶ್ಲೇಷಣೆಯಲ್ಲಿ ‘ಸಿ-4’ ಎಂಬ ಮಿತವ್ಯಯದ ದಾರಿ ಹಿಡಿದ ಗಿಡಗಳಿವೆ. ಕಡಿಮೆ ನೀರಿನಲ್ಲಿ, ಹೆಚ್ಚು ಬಿಸಿಲಿನಲ್ಲಿ ಅವು ಸಕ್ಕರೆ ಮಾಡಬಲ್ಲವು. ಜೋಳ ಅಂಥದು, ರಾಜಗಿರಿಯೂ ಅಂಥದೇ. ಪಾರ 40 ಡಿಗ್ರಿ ದಾಟಿ ಮೆಂತ್ಯ, ಮೂಲಂಗಿ ಕೈಬಿಡುವ ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ರಾಜಗಿರಿ ತಲೆಯೆತ್ತಿ ನಿಲ್ಲುವುದಕ್ಕೆ ಕಾರಣ ಅದು. ಬೇರುಸಹಿತ ಕೀಳದೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಎರಡು-ಮೂರು ಸಲ ಚಿಗುರುತ್ತದೆ.

ಪುಂಡಿಯದು ಬೇರೆಯದೇ ಹಟ. ದೊಡ್ಡವರು ಇದನ್ನು ಜೋಳದ ಹೊಲದ ಅಂಚಿಗೆ ಸಾಲಾಗಿ ಬಿತ್ತುತ್ತಿದ್ದರು. ಎಲೆ ಪಲ್ಲೆಗೆ, ಕಾಂಡದ ನಾರು ಹಗ್ಗಕ್ಕೆ. ಇಂಗ್ಲಿಷರು ಈ ನಾರಿಗೆ ‘ಡೆಕ್ಕನ್ ಹೆಂಪ್’ ಎಂದು ನಮ್ಮ ಸೀಮೆಯ ಹೆಸರನ್ನೇ ಕೊಟ್ಟಿದ್ದರು. ಪುಂಡಿ ಹಗಲಿನ ಉದ್ದವನ್ನು ಅಳೆಯುವ ಗಿಡ. ಮುಂಗಾರಿನಲ್ಲಿ, ಜೂನ್ ತಿಂಗಳಲ್ಲಿ ಹಾಕಿದರೆ ಹಗಲು ಉದ್ದವಿರುವಷ್ಟು ದಿನ ಎತ್ತರಕ್ಕೆ ಏರುತ್ತ ಎಲೆ ಕೊಡುತ್ತದೆ. ದಸರೆಯ ನಂತರ ಹಾಕಿದರೆ, ಹಗಲು ಗಿಡ್ಡವಾಯಿತೆಂದು ತಿಳಿದು, ಗೇಣೆತ್ತರದಲ್ಲೇ ಹೂ ಬಿಟ್ಟು ಸಂಸಾರ ಮುಗಿಸಿಬಿಡುತ್ತದೆ. ‘ನಮ್ಮ ಕುಂಡದಾಗ ಪುಂಡಿ ಬೆಳೀಲಿಲ್ಲ’ ಎನ್ನುವವರು ಹಾಕಿದ ತಿಂಗಳನ್ನು ನೆನಪಿಸಿಕೊಳ್ಳಲಿ. ಇದಕ್ಕೆ ಸ್ವಲ್ಪ ಆಳದ ಪಾತ್ರೆ ಬೇಕು, ಬಕೆಟ್ಟೊಂದಕ್ಕೆ ಮೂರು ಗಿಡ ಸಾಕು. ತುದಿ ಮುರಿದಷ್ಟೂ ಪಕ್ಕಕ್ಕೆ ಕವಲೊಡೆಯುತ್ತದೆ.

ಕಡಲೆಯನ್ನು ಕುಂಡದಲ್ಲಿ ಹಾಕುವವರು ಕಡಿಮೆ. ಹಾಕಿ ನೋಡಬೇಕು. ಅಕ್ಟೋಬರಿನಲ್ಲಿ ಸಿಪ್ಪೆಯಿರುವ ದೇಸಿ ಕಡಲೆ ಹತ್ತು ಕಾಳು. ಇದಕ್ಕೆ ಮಾತ್ರ ಎರಿ ಮಣ್ಣು ಹೆಚ್ಚಿದ್ದರೂ ಆದೀತು. ನೀರು ಹೆಚ್ಚಾದರೆ ಕೊಳೆಯುತ್ತದೆ. ತಿಂಗಳು ಕಳೆದ ಮೇಲೆ ಕುಡಿ ಚಿವುಟಿದರೆ ನಿಮಗೆ ಪಲ್ಲೆ, ಗಿಡಕ್ಕೆ ಹೊಸ ಕವಲು. ಚಿವುಟಿದ ಬೆರಳನ್ನು ನೆಕ್ಕಿದರೆ ಹುಳಿ-ಉಪ್ಪು. ಎಲೆಯ ಮೇಲಿನ ಸೂಕ್ಷ್ಮ ರೋಮಗಳು ಮ್ಯಾಲಿಕ್ ಮತ್ತು ಆಕ್ಸಲಿಕ್ ಆಮ್ಲಗಳನ್ನು ಹನಿಹನಿಯಾಗಿ ಸ್ರವಿಸುತ್ತವೆ. ಚಳಿಗಾಲದ ರಾತ್ರಿ ಕಡಲೆ ಹೊಲದ ಮೇಲೆ ತೆಳು ಬಟ್ಟೆ ಹಾಸಿ, ಬೆಳಗಾಗ ಇಬ್ಬನಿಯಲ್ಲಿ ನೆಂದ ಆ ಬಟ್ಟೆಯನ್ನು ಹಿಂಡಿ ಹುಳಿ ಕೂಡಿಸಿ ಹೊಟ್ಟೆನೋವಿಗೆ ಔಷಧವಾಗಿ ಇಟ್ಟುಕೊಳ್ಳುವ ಪದ್ಧತಿ ಹಿಂದೆ ಇತ್ತು. ಶಾಲೆಯ ಲಿಟ್ಮಸ್ ಕಾಗದದ ಚೂರನ್ನು ಬೆಳಗಿನ ಕಡಲೆ ಗಿಡಕ್ಕೆ ಒತ್ತಿ ನೋಡಿ. ನೀಲಿ ಕೆಂಪಾದರೆ ಪಾಠದ ಒಂದು ಪುಟ ಮುಗಿದಂತೆ.

ಇನ್ನು ಹತ್ತರಕಿ. ಕೆಲವರ ಬಾಯಲ್ಲಿ ಇದು ಹಕ್ಕರಕಿ. ನೆಲಕ್ಕೆ ಅಂಟಿಕೊಂಡಂತೆ ಹರಡುವ, ಅಂಚು ಕತ್ತರಿಸಿದಂಥ ಎಲೆಯ, ಹಳದಿ ಹೂವಿನ ಸಣ್ಣ ಗಿಡ. ದೊಡ್ಡ ಹೋಟೆಲುಗಳಲ್ಲಿ ತಟ್ಟೆಯ ಅಂಚಿಗೆ ಇಡುವ ಲೆಟ್ಯೂಸಿನ ಬಳಗವೇ ಇದು. ಮುರಿದರೆ ಎರಡರಲ್ಲೂ ಹಾಲು ಬರುತ್ತದೆ. ರುಚಿಯಲ್ಲಿ ಹತ್ತರಕಿ ಒಂದು ಕೈ ಮೇಲು ಎಂದರೆ ಪಕ್ಷಪಾತವಾದೀತು, ಆಗಲಿ. ಇದರ ಬೀಜ ಅಂಗಡಿಯಲ್ಲಿ ಸಿಗುವಂಥದಲ್ಲ. ಔಷಧ ಹೊಡೆಯದ ಒಣಬೇಸಾಯದ ಹೊಲದಿಂದ, ಗುರುತು ಬಲ್ಲ ಹಿರಿಯರನ್ನು ಕರೆದುಕೊಂಡು ಹೋಗಿ, ಎರಡು ಗಿಡವನ್ನು ಮಣ್ಣಿನ ಹೆಂಟೆಸಹಿತ ಎತ್ತಿ ತನ್ನಿ. ಹಾಲು ಬಂದ ಮಾತ್ರಕ್ಕೆ ಹತ್ತರಕಿಯಲ್ಲ, ಹಾಲು ಬರುವ ವಿಷದ ಗಿಡಗಳೂ ಇವೆ. ಆದ್ದರಿಂದಲೇ ಹಿರಿಯರು ಬೇಕು. ತಂದ ಗಿಡದ ಎಲೆಯನ್ನು ಮೊದಲ ವರ್ಷ ತಿನ್ನಬೇಡಿ. ಹೂ ಬಿಡಲಿ, ಹತ್ತಿಯ ಎಳೆಯಂಥ ರೆಕ್ಕೆ ಕಟ್ಟಿಕೊಂಡು ಬೀಜ ಹಾರಲಿ. ಹಿತ್ತಲಿನ ಯಾವುದೋ ಮೂಲೆಯಲ್ಲಿ ಮುಂದಿನ ವರ್ಷ ತಾನೇ ಏಳುತ್ತದೆ. ಅದನ್ನು ಕಸವೆಂದು ಗುಡಿಸದಿರುವುದೇ ಅದರ ಬೇಸಾಯ.

ಚೀನಾದ ಒಬ್ಬ ನೆಂಟ

ಊರದ್ದು ಸಾಕು, ಹೊಸದೊಂದು ಬೇಕೆನ್ನುವ ಹುಡುಗರಿಗೂ ಒಂದು ಕುಂಡ ಬಿಡೋಣ. ಈಚೆಗೆ ದೊಡ್ಡ ಊರುಗಳ ಅಂಗಡಿಗಳಲ್ಲಿ ಬ್ರೊಕೊಲಿ ಎಂಬ ಹಸಿರು ಹೂಕೋಸು ಕಾಣುತ್ತದೆ. ಅದರ ಹತ್ತಿರದ ನೆಂಟ ಚೀನಾ ಬ್ರೊಕೊಲಿ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯವರು ಇದನ್ನು ಕೈಲಾನ್ ಎನ್ನುತ್ತಾರೆ. ಎಲೆಕೋಸು, ಹೂಕೋಸು, ನವಿಲುಕೋಸು, ಇದು, ನಾಲ್ಕೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿ. ಮನುಷ್ಯ ಒಂದರಲ್ಲಿ ಎಲೆಯನ್ನು, ಒಂದರಲ್ಲಿ ಮೊಗ್ಗನ್ನು, ಒಂದರಲ್ಲಿ ಕಾಂಡವನ್ನು ಆರಿಸಿ ಆರಿಸಿ ಬೆಳೆಸಿದ. ಕೈಲಾನ್ ಗಡ್ಡೆಯನ್ನೂ ಕಟ್ಟುವುದಿಲ್ಲ, ದೊಡ್ಡ ಹೂವನ್ನೂ ಬಿಡುವುದಿಲ್ಲ. ದಪ್ಪ ಕಾಂಡ, ಅಗಲ ಎಲೆ, ತುದಿಯಲ್ಲಿ ಬಿಳಿ ಹೂವಿನ ಸಣ್ಣ ಮೊಗ್ಗು, ಮೂರನ್ನೂ ಕೂಡಿಯೇ ತಿನ್ನುವುದು. ಬೀಜ ಸಿಕ್ಕರೆ ಅಕ್ಟೋಬರ್ ಕೊನೆಗೆ ಸಸಿ ಮಾಡಿ, ನಾಲ್ಕೈದು ಎಲೆ ಬಂದಾಗ ಗೇಣಿಗೊಂದರಂತೆ ನೆಡಬೇಕು. ಬಿತ್ತಿದ ಎರಡು ತಿಂಗಳಿಗೆ, ಮೊದಲ ಒಂದೆರಡು ಹೂ ಬಿರಿಯುವ ಹೊತ್ತಿಗೆ ಗೇಣುದ್ದ ಕತ್ತರಿಸಬೇಕು. ಪಕ್ಕದ ಕಣ್ಣುಗಳಿಂದ ಮತ್ತೆ ಬರುತ್ತದೆ. ಹೂವೆಲ್ಲ ಅರಳುವವರೆಗೆ ಕಾದರೆ ಕಾಂಡ ನಾರಾಗುತ್ತದೆ. ಎಲೆಯ ಅಡಿಯಲ್ಲಿ ಹಸಿರು ಹುಳುವೂ ಹೇನೂ ಬರುವುದು ಖಚಿತ; ಬೆಳಿಗ್ಗೆ ಎಲೆ ಮಗುಚಿ ಕೈಯಿಂದ ಆರಿಸಿದರೆ ನಾಲ್ಕು ಗಿಡಕ್ಕೆ ಬೇರೆ ಔಷಧ ಬೇಡ.

ಆದರೆ ಒಂದು ಮಾತು. ಈ ಹೊಸ ನೆಂಟನ ಗುಣವೆಲ್ಲ ನಮ್ಮ ಮೂಲಂಗಿಯಲ್ಲಿದೆ. ಅದೂ ಅದೇ ಕೋಸಿನ ಕುಟುಂಬ. ಎಲೆ ತಿನ್ನಬಹುದು, ಗಡ್ಡೆ ತಿನ್ನಬಹುದು, ಬಿಟ್ಟರೆ ಬರುವ ಎಳೆ ಕಾಯಿಯನ್ನೂ ತಿನ್ನಬಹುದು. ಸಂತೆಯಲ್ಲಿ ಮೂಲಂಗಿ ಕೊಂಡು ಎಲೆಯನ್ನು ಅಲ್ಲಿಯೇ ಮುರಿಸಿ ಬಿಟ್ಟು ಬರುವವರು ಪಲ್ಲೆಯ ಅರ್ಧವನ್ನು ದನಕ್ಕೆ ಬಿಟ್ಟು ಬಂದಂತೆ.

ಒಲೆಯ ಮುಂದೆ

ಹಸಿ ಪಲ್ಲೆಗೆ ವಿಧಾನವೆಂಬುದು ಹೆಚ್ಚಿಲ್ಲ. ಹತ್ತರಕಿ, ಎಳೆ ಮೆಂತ್ಯ ಅಥವಾ ಮೂಲಂಗಿಯ ಎಲೆಯನ್ನು ಮೂರು ನೀರಿನಲ್ಲಿ ತೊಳೆದು, ಕೊನೆಯದು ಕುಡಿಯುವ ನೀರಾಗಿರಲಿ, ಝಾಡಿಸಿ ಸಣ್ಣಗೆ ಹೆಚ್ಚಿ. ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ, ಎರಡು ಚಮಚ ಶೇಂಗಾ ಹಿಂಡಿ, ಉಪ್ಪು, ಒಂದು ಚಮಚ ಹಸಿ ಎಣ್ಣೆ, ನಿಂಬೆರಸ. ಕಲಸಿದ ಕೂಡಲೇ ತಿನ್ನಬೇಕು, ನಿಂತರೆ ನೀರು ಬಿಡುತ್ತದೆ. ಬುತ್ತಿಗೆ ಕಟ್ಟುವುದಾದರೆ ಎಲೆ ಬೇರೆ, ಹಿಂಡಿ ಬೇರೆ.

ಪುಂಡಿ ಪಲ್ಲೆಗೆ ತಾಳ್ಮೆ ಬೇಕು. ನಾಲ್ಕು ಜನಕ್ಕೆ ಕಾಲು ಕಿಲೋ ಎಲೆ, ಅರ್ಧ ಬಟ್ಟಲು ತೊಗರಿಬೇಳೆ, ಮೂರು ಚಮಚ ಜೋಳದ ನುಚ್ಚು. ಬೇಳೆಯನ್ನು ಮುಕ್ಕಾಲು ಬೇಯಿಸಿಟ್ಟುಕೊಳ್ಳಿ. ಎಲೆಯನ್ನು ಬೇರೆಯಾಗಿ ಸ್ವಲ್ಪ ನೀರಲ್ಲಿ ಕುದಿಸಿದರೆ ಹಸಿರು ಹೋಗಿ ಪಾಚಿಯ ಬಣ್ಣ ಬರುತ್ತದೆ, ಗಾಬರಿ ಬೇಡ. ಹುಳಿ ಹೆಚ್ಚೆನಿಸಿದರೆ ಆ ನೀರನ್ನು ಅರ್ಧ ಬಸಿಯಿರಿ. ಪೂರ್ತಿ ಬಸಿದರೆ ಸತ್ವವೂ ಹೋಯಿತು, ರುಚಿಯೂ ಹೋಯಿತು. ಬೇಳೆ, ನುಚ್ಚು, ಜಜ್ಜಿದ ಆರೇಳು ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ನುಚ್ಚು ಅರಳುವವರೆಗೆ ಬಿಟ್ಟು, ಕಡಗೋಲಿನಿಂದ ಕಡೆಯಿರಿ. ಮೇಲೆ ಹತ್ತು-ಹನ್ನೆರಡು ಎಸಳು ಬಳ್ಳೊಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ. ಹುಳಿ ಇರುವುದರಿಂದ ಅಲ್ಯುಮಿನಿಯಂ, ಹಿತ್ತಾಳೆಯ ಪಾತ್ರೆ ಬೇಡ. ಮಣ್ಣಿನ ಗಡಿಗೆ ಒಳ್ಳೆಯದು. ಕಬ್ಬಿಣದ ಬಾಣಲಿಯಲ್ಲಿ ಮಾಡಿದರೆ ಪಲ್ಲೆ ಕಪ್ಪಾಗುತ್ತದೆ. ಮಕ್ಕಳು ಮೂಗು ಮುರಿದರೆ ಅವರಿಗೆ ಹೇಳಿ: ಹುಳಿಯಲ್ಲಿ ಬಾಣಲಿಯ ಕಬ್ಬಿಣವೇ ಸ್ವಲ್ಪ ಕರಗಿ ಪಲ್ಲೆಗೆ ಇಳಿದಿದೆ, ರಕ್ತಕ್ಕೆ ಬೇಕಾದದ್ದು ಅದೇ. ಮರುದಿನ ಇದರ ರುಚಿ ಇನ್ನೂ ಹೆಚ್ಚು. ಬುತ್ತಿಗೆ ಇದಕ್ಕಿಂತ ಒಳ್ಳೆಯ ಪಲ್ಲೆ ನನಗೆ ಗೊತ್ತಿಲ್ಲ.

ಕಡಲೆ ಕುಡಿಯನ್ನು ನೆರಳಲ್ಲಿ ಒಣಗಿಸಿಟ್ಟರೆ ಬೇಸಿಗೆಗೆ ಆಗುತ್ತದೆ. ಒಣ ಕಡಲೆ ತಪ್ಪಲು, ನುಚ್ಚು, ಬಳ್ಳೊಳ್ಳಿ, ಒಣಮೆಣಸಿನಕಾಯಿ ಇಷ್ಟರಲ್ಲೇ ಮೇ ತಿಂಗಳ ಪಲ್ಲೆ ತಯಾರು. ಹುಳಿ ಹೋಗುತ್ತದೆಂದು ಇದನ್ನು ತೊಳೆಯದೆಯೇ ಒಣಗಿಸುವ ರೂಢಿ ಹಿಂದಿನದು. ಮನೆಯ ಕುಂಡದ್ದಾದರೆ ಹಾಗೆಯೇ ನಡೆಯಲಿ, ಬೇರೆಯವರ ಹೊಲದ್ದಾದರೆ ಹುಳಿ ಹೋದರೂ ಚಿಂತೆಯಿಲ್ಲ, ತೊಳೆಯಿರಿ.

ಕೈಲಾನ್ ಮಾಡುವವರು ಕಾಂಡದ ಸಿಪ್ಪೆ ಹೆರೆದು ಓರೆಯಾಗಿ ಹೆಚ್ಚಿ ಮೊದಲು ಬಾಣಲಿಗೆ ಹಾಕಬೇಕು, ಎಲೆ ಎರಡು ನಿಮಿಷ ತಡವಾಗಿ. ಚೀನಿಯರೂ ಇದಕ್ಕೆ ಬಳ್ಳೊಳ್ಳಿಯನ್ನೇ ಹಾಕುತ್ತಾರೆ. ನಾವು ಮೇಲೊಂದಿಷ್ಟು ಶೇಂಗಾ ಹಿಂಡಿ ಉದುರಿಸಿದರೆ ಅದು ರೊಟ್ಟಿಯ ಜೊತೆ ತಕರಾರಿಲ್ಲದೆ ಹೊಂದಿಕೊಳ್ಳುತ್ತದೆ.

2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾದಾಗ ನಮ್ಮದೂ ಅದರಲ್ಲಿ ಒಂದಾಗಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಲು ಮಾರ್ಗಸೂಚಿಯನ್ನೂ ಹೊರಡಿಸಿತು. ಜಾಗವಿದ್ದ ಶಾಲೆಗಳಲ್ಲಿ ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಕೈ ತೊಳೆಯುವ ನೀರು ಹರಿದುಹೋಗುವ ಕಡೆ ಒಂದು ಮಡಿ ರಾಜಗಿರಿ, ಬೇಲಿಯ ಅಂಚಿಗೆ ಒಂದು ಸಾಲು ಪುಂಡಿ. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ಒಣಗುತ್ತದೆ ಎಂಬುದೇ ಎಲ್ಲರ ದೂರು. ಪುಂಡಿ ಜೂನ್‌ನಲ್ಲಿ, ಅಂದರೆ ಶಾಲೆ ಬಾಗಿಲು ತೆರೆದ ಮೇಲೆ ಹಾಕುವ ಬೆಳೆ. ಮೆಂತ್ಯ, ಕಡಲೆ, ಮೂಲಂಗಿ ಪರೀಕ್ಷೆಗೆ ಮುಂಚೆ ಮುಗಿಯುವಂಥವು. ರಜೆ ಅವುಗಳ ದಾರಿಗೆ ಅಡ್ಡ ಬರುವುದೇ ಇಲ್ಲ.

ಎಳ್ಳ ಅಮಾವಾಸ್ಯೆಗೆ ಈಗಲೂ ನಮ್ಮ ಜನ ಬಂಡಿಯಲ್ಲದಿದ್ದರೆ ಟ್ರ್ಯಾಕ್ಟರಿನಲ್ಲಿ, ಮೋಟರ್ ಸೈಕಲ್ಲಿನಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪಲ್ಲೆಗಳ ಬುತ್ತಿ ಬಿಚ್ಚಿ ಜೋಳದ ಸಾಲಿನ ಮಧ್ಯೆ ಉಣ್ಣುತ್ತಾರೆ. ಈ ಸಲ ಹೋದಾಗ ಊಟ ಮುಗಿದ ಮೇಲೆ ಮಕ್ಕಳನ್ನು ಅಜ್ಜಿಯ ಜೊತೆ ಒಂದು ಸಾಲು ನಡೆಸಿ. ಜೋಳದ ಬುಡದಲ್ಲಿ ನೆಲಕ್ಕೆ ಒರಗಿದ ಹಳದಿ ಹೂವಿನ ಗಿಡ ಕಂಡರೆ ಅಜ್ಜಿಯೇ ನಿಲ್ಲುತ್ತಾರೆ. ಜೊತೆಗೆ ಒಂದು ಸಣ್ಣ ಕುರುಪಿ, ಒಂದು ಒದ್ದೆ ಬಟ್ಟೆ ಇರಲಿ.